ಬೆನ್ನು ನೆಲಕ್ಕೆ ತಾಗಿದ ಮೇಲೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಗರಡಿಯ ಉಸ್ತಾದರು ಬಂದಿದ್ದೀರಿ, ಮ್ಯಾಟ್ ಕುಸ್ತಿ ಆಡುವ ಹುಡುಗರು, ಹುಡುಗಿಯರು ಇದ್ದೀರಿ, ಜೂಡೋ ಮತ್ತು ಜಿಯು-ಜಿಟ್ಸು ಕಲಿಯುತ್ತಿರುವವರೂ ಇದ್ದೀರಿ. ಪಟ್ಟು ಎಂದರೇನು ಎಂದು ನಿಮಗೆ ಹೇಳಬೇಕಾಗಿಲ್ಲ. ಆ ಪಟ್ಟನ್ನು ಹೊತ್ತುಕೊಂಡು, ಹೊಡೆತ ಹಿಡಿತ ಎರಡೂ ಇರುವ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್‌ಗೆ, ಅಂದರೆ ಎಂಎಂಎಗೆ ಹೋದಾಗ ತರಬೇತಿಯಲ್ಲಿ ಏನೇನು ಬದಲಾಗಬೇಕು ಎನ್ನುವುದಷ್ಟೇ ಇವತ್ತಿನ ಮಾತು.

ಒಂದು ಪಂದ್ಯದಿಂದ ಶುರು ಮಾಡೋಣ. 2021ರ ಡಿಸೆಂಬರ್, ಸಿಂಗಪುರ. ಎಂಎಂಎ ಪಂದ್ಯ ನಡೆಸುವ ಸಂಸ್ಥೆಯಾದ ಒನ್ ಚಾಂಪಿಯನ್‌ಶಿಪ್‌ನ ಮಹಿಳೆಯರ ಆಟಮ್‌ವೇಟ್ ಗ್ರ್ಯಾನ್ ಪ್ರಿ ಫೈನಲ್. ಒಂದು ಕಡೆ ಹರಿಯಾಣದ ರಿತು ಫೋಗಟ್: ಕುಸ್ತಿಯ ಮನೆತನ, ಕಾಮನ್‌ವೆಲ್ತ್ ಕುಸ್ತಿ ಚಾಂಪಿಯನ್‌ಶಿಪ್‌ನ ಚಿನ್ನ. ಇನ್ನೊಂದು ಕಡೆ ಥಾಯ್ಲೆಂಡಿನ ಸ್ಟ್ಯಾಂಪ್ ಫೇರ್‌ಟೆಕ್ಸ್: ಹುಟ್ಟಿನಿಂದ ಮುಯ್ ಥಾಯ್, ಅಂದರೆ ಗುದ್ದು ಒದೆತಗಳ ಥಾಯ್ ಕಾಳಗ. ಕೆಡವುವ ಕೈ ಯಾರದು ಎಂಬ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಆದರೆ ಎರಡನೇ ಸುತ್ತಿನಲ್ಲಿ ಬೆನ್ನ ಮೇಲೆ ಮಲಗಿದ್ದ ಸ್ಟ್ಯಾಂಪ್, ಕೆಳಗಿನಿಂದಲೇ ತೋಳು ಸಿಕ್ಕಿಸಿಕೊಂಡು, ಮೊಣಕೈ ಕೀಲನ್ನು ಹಿಂದಕ್ಕೆ ಬಗ್ಗಿಸುವ ಆರ್ಮ್‌ಬಾರ್‌ನಲ್ಲಿ ಗೆದ್ದರು. ಕುಸ್ತಿಯ ಲೆಕ್ಕದಲ್ಲಿ ಸೋತು ಮಲಗಿದವರು ಈ ಲೆಕ್ಕದಲ್ಲಿ ಗೆದ್ದರು. ರಿತು ಅವರ ಕುಸ್ತಿಯಲ್ಲಿ ಕೊರತೆ ಇರಲಿಲ್ಲ. ಕುಸ್ತಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಆಚೆಗೆ ಇನ್ನೊಂದು ಜಗಳ ಇತ್ತು, ಅಷ್ಟೆ.

ಪ್ರತಿ ಕಲೆಯೂ ದೇಹಕ್ಕೆ ಎರಡು ಪಾಠ ಕಲಿಸುತ್ತದೆ. ಒಂದು, ಎಲ್ಲಿ ಹೆಣಗಬೇಕು. ಇನ್ನೊಂದು, ಎಲ್ಲಿ ಉಸಿರು ಬಿಡಬಹುದು. ಮೊದಲನೆಯದನ್ನು ಉಸ್ತಾದರು ಬಾಯಿಬಿಟ್ಟು ಹೇಳಿಕೊಡುತ್ತಾರೆ. ಎರಡನೆಯದನ್ನು ಯಾರೂ ಹೇಳಿಕೊಡುವುದಿಲ್ಲ, ಆಟದ ನಿಯಮವೇ ಮೈಗೆ ಹತ್ತಿಸುತ್ತದೆ. ಕುಸ್ತಿಯವರಿಗೆ ಬೋರಲು ಬಿದ್ದಾಗ ಸಮಾಧಾನ: ಎರಡೂ ಭುಜ ನೆಲ ಮುಟ್ಟದಿದ್ದರೆ ಚಿತ್ ಆಗುವ ಭಯವಿಲ್ಲ, ಮೇಲಿನವರಿಂದ ಏನೂ ಆಗದಿದ್ದರೆ ರೆಫ್ರಿ ಎಬ್ಬಿಸಿ ನಿಲ್ಲಿಸುತ್ತಾರೆ. ಜೂಡೋದವರಿಗೆ ಎಸೆತ ಮುಗಿದ ಕ್ಷಣ ಸಮಾಧಾನ. ಜಿಯು-ಜಿಟ್ಸುವಿನವರಿಗೆ ಬೆನ್ನ ಮೇಲೆ ಮಲಗಿ, ಎದುರಾಳಿಯ ಸೊಂಟಕ್ಕೆ ಕಾಲು ಸುತ್ತಿ ಬಿಗಿದ ಕ್ಲೋಸ್ಡ್ ಗಾರ್ಡ್‌ನಲ್ಲಿ ಸಮಾಧಾನ. ಎಂಎಂಎಯಲ್ಲಿ ಪೆಟ್ಟು ಬೀಳುವುದು ಸರಿಯಾಗಿ ಈ ಮೂರು ಜಾಗಗಳಲ್ಲೇ. ಬೋರಲು ಬಿದ್ದವರ ಬೆನ್ನು ಹತ್ತಿ ಕುತ್ತಿಗೆ ಬಿಗಿಯುತ್ತಾರೆ. ಎಸೆದವರ ಬೆನ್ನಿಗೆ ಎಸೆಸಿಕೊಂಡವರೇ ಹತ್ತುತ್ತಾರೆ. ಗಾರ್ಡ್‌ನಲ್ಲಿ ಮಲಗಿದವರ ಮುಖಕ್ಕೆ ಮೊಣಕೈ ಬೀಳುತ್ತದೆ.

ಆದ್ದರಿಂದ ಹೊಸ ಪಟ್ಟುಗಳನ್ನು ಪೇರಿಸುವುದು ಮೊದಲ ಕೆಲಸವಲ್ಲ. ನಿಮ್ಮ ಮೈ ಎಲ್ಲೆಲ್ಲಿ ಉಸಿರು ಬಿಡುತ್ತದೆ ಎಂದು ಕಂಡುಹಿಡಿಯುವುದು ಮೊದಲ ಕೆಲಸ. ನಿಮ್ಮದೇ ಮೂರು ಸ್ಪಾರಿಂಗ್ (ಅಭ್ಯಾಸದ ಕಾಳಗ) ಸುತ್ತುಗಳನ್ನು ಫೋನಿನಲ್ಲಿ ಚಿತ್ರೀಕರಿಸಿ, ಎಂಎಂಎ ಕಣ್ಣಿನಿಂದ ನೋಡಿ. ಕೈ ಸಡಿಲವಾದ, ತಲೆ ಕೆಳಗಾದ, ಮೈ ನಿಂತ ಪ್ರತಿ ಜಾಗವನ್ನೂ ಬರೆದಿಟ್ಟುಕೊಳ್ಳಿ. ಹೆಚ್ಚಿನವರಲ್ಲಿ ನಾಲ್ಕೈದು ಜಾಗಗಳೇ ಮತ್ತೆ ಮತ್ತೆ ಬರುತ್ತವೆ. ಆ ನಾಲ್ಕೈದೇ ನಿಮ್ಮ ಮೊದಲ ಆರು ತಿಂಗಳ ಪಠ್ಯ.

ನಿಯಮಗಳನ್ನು ಬೇಗ ಹೇಳಿಬಿಡುತ್ತೇನೆ. ಸಾಮಾನ್ಯ ವೃತ್ತಿಪರ ಪಂದ್ಯ 5 ನಿಮಿಷದ 3 ಸುತ್ತು, ಪ್ರಶಸ್ತಿ ಪಂದ್ಯ 5 ಸುತ್ತು, ನಡುವೆ 1 ನಿಮಿಷ ವಿಶ್ರಾಂತಿ. ಕೈಗವಸು 4 ಔನ್ಸ್, ಅಂದರೆ ಸುಮಾರು 113 ಗ್ರಾಂ, ಬೆರಳು ತೆರೆದದ್ದು. ಕೇಜ್ ಎಂಬ ಕಣದ ಸುತ್ತಲಿನ ಬಲೆಯ ಬೇಲಿ ಹಿಡಿಯುವಂತಿಲ್ಲ, ಎದುರಾಳಿಯ ಚಡ್ಡಿ ಹಿಡಿಯುವಂತಿಲ್ಲ, ಗವಸಿನೊಳಗೆ ಬೆರಳು ಹಾಕುವಂತಿಲ್ಲ. ತೀರ್ಪುಗಾರರು ಮೊದಲು ನೋಡುವುದು ಪರಿಣಾಮ ಬೀರಿದ ಹೊಡೆತ ಮತ್ತು ಪರಿಣಾಮ ಬೀರಿದ ಹಿಡಿತವನ್ನು. ಕೆಡವಿ ಸುಮ್ಮನೆ ಮೇಲೆ ಮಲಗಿದ್ದರೆ ಹೆಚ್ಚು ಬೆಲೆ ಸಿಗುವುದಿಲ್ಲ. ಕುಸ್ತಿಯಲ್ಲಿ ಕೆಡವಿದ ಕೂಡಲೇ ಅಂಕ. ಇಲ್ಲಿ ಕೆಡವಿದ್ದರಿಂದ ಮುಂದೆ ಏನಾಯಿತು ಎಂಬುದಕ್ಕೆ ಅಂಕ.

ಈಗ ಒಳನುಗ್ಗುವ ವಿಷಯ. 2019ರ ಜುಲೈನಲ್ಲಿ ಅಮೆರಿಕದ ಎಂಎಂಎ ಸಂಸ್ಥೆ ಯುಎಫ್‌ಸಿಯ 239ನೇ ಕೂಟದಲ್ಲಿ ಬೆನ್ ಆಸ್ಕ್ರೆನ್ ಹಾರುಮೊಣಕಾಲಿಗೆ ಸಿಕ್ಕಿ 5 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪಿದ್ದನ್ನು ನೀವು ನೋಡಿರಬಹುದು. ಆತ 2008ರ ಒಲಿಂಪಿಕ್ಸ್‌ನಲ್ಲಿ ಆಡಿದ ಕುಸ್ತಿಪಟು. ಎದುರಾಳಿ ಹೋರ್ಹೆ ಮಾಸ್ವಿಡಾಲ್ ಮಾಡಿದ್ದು ಇಷ್ಟೇ: ಗಂಟೆ ಹೊಡೆದ ಕೂಡಲೇ ಓಡಿ ಬಂದು, ಆಸ್ಕ್ರೆನ್ ಕಾಲಿಗೆ ಬಾಗುವ ಜಾಗಕ್ಕೆ ಮೊಣಕಾಲು ತಂದಿಟ್ಟ. ಕುಸ್ತಿಯಲ್ಲಿ ತಲೆ ತಗ್ಗಿಸಿ ನುಗ್ಗುವುದಕ್ಕೆ ಯಾವ ದಂಡವೂ ಇಲ್ಲ. ಇಲ್ಲಿ ಆ ದಾರಿಯಲ್ಲಿ ಮೊಣಕಾಲು, ಕೆಳಗಿಂದ ಮೇಲಕ್ಕೆ ಬರುವ ಅಪ್ಪರ್‌ಕಟ್ ಗುದ್ದು, ಮುಂದಿನಿಂದ ಕುತ್ತಿಗೆ ಬಿಗಿಯುವ ಗಿಲಟಿನ್ ಮೂರೂ ಕಾದಿರುತ್ತವೆ.

ಸರಿಯಾಗಿ ನುಗ್ಗುವುದಕ್ಕೆ ಉದಾಹರಣೆ ಕೆನಡಾದ ಎಂಎಂಎ ಪಟು ಜಾರ್ಜ್ ಸೇಂಟ್-ಪಿಯೆರ್. ಶಾಲಾ ದಿನಗಳಲ್ಲಿ ಕುಸ್ತಿ ಆಡಿದವರಲ್ಲ, ಬೇರು ಕರಾಟೆಯಲ್ಲಿತ್ತು. ಆದರೂ ಒಳ್ಳೊಳ್ಳೆಯ ಕುಸ್ತಿಪಟುಗಳನ್ನು ಕೇಜಿನಲ್ಲಿ ಕೆಡವಿದರು. ಕಾರಣ ಸಮಯ. ಎದುರಾಳಿ ಜ್ಯಾಬ್ ಅನ್ನು, ಅಂದರೆ ಮುಂದಿನ ಕೈಯ ನೇರ ಗುದ್ದನ್ನು ತಡೆಯಲು ಕೈ ಎತ್ತಿದಾಗ, ಅಥವಾ ತಾನೇ ಹೊಡೆಯಲು ಮುಂದೆ ಹೆಜ್ಜೆ ಇಟ್ಟಾಗ, ಸೇಂಟ್-ಪಿಯೆರ್ ಕಾಲಿಗೆ ಇಳಿಯುತ್ತಿದ್ದರು. ಎದುರಾಳಿಯ ತೂಕ ಮುಂಗಾಲಿಗೆ ಬಂದಿರುವ ಆ ಕ್ಷಣದಲ್ಲಿ ಅವನು ಕಾಲು ಹಿಂದೆ ಎಸೆದು ಸ್ಪ್ರಾಲ್ ಮಾಡಲಾರ.

ನಿಲುವನ್ನೇ ಮೊದಲು ಸರಿಮಾಡಬೇಕು. ಕುಸ್ತಿಯ ನಿಲುವಿನಲ್ಲಿ ಸೊಂಟ ತಗ್ಗಿರುತ್ತದೆ, ತಲೆ ಮುಂದಿರುತ್ತದೆ, ಬಲಗೈ ಬಳಸುವವರು ಸಾಮಾನ್ಯವಾಗಿ ಬಲಗಾಲು ಮುಂದಿಡುತ್ತಾರೆ. ಎಂಎಂಎಗೆ ಒಂದು ಗೇಣು ಮೇಲೇಳಬೇಕು, ತಲೆ ಸೊಂಟದ ಮೇಲೆ ಬರಬೇಕು, ಗದ್ದ ಒಳಗಿರಬೇಕು. ಬಲಗಾಲು ಮುಂದಿಟ್ಟೇ ಆಡುವ ಅಭ್ಯಾಸ ಗಟ್ಟಿಯಾಗಿದ್ದರೆ ಅದನ್ನು ಒಡೆಯುವ ಅವಸರ ಬೇಡ. ಸೌತ್‌ಪಾ ಎನ್ನುವ ಈ ನಿಲುವಿನಲ್ಲೇ ಜ್ಯಾಬ್ ಕಲಿಸಿ, ಟೇಕ್‌ಡೌನ್, ಅಂದರೆ ಕೆಡವುವ ಕೈ ಉಳಿಯುತ್ತದೆ. ಬಾಕ್ಸಿಂಗ್ ಕೋಚ್ ಹೇಳಿದರೆಂದು ಕಾಲು ಬದಲಾಯಿಸಿ, ಹತ್ತು ವರ್ಷದ ಒಳನುಗ್ಗುವಿಕೆಯನ್ನು ಕಳೆದುಕೊಳ್ಳುವ ಹುಡುಗರು ತುಂಬ ಜನ.

ಒಳನುಗ್ಗುವ ಅಭ್ಯಾಸ ಹೀಗಿರಲಿ. 2 ನಿಮಿಷದ 5 ಸುತ್ತು. ಒಬ್ಬರಿಗೆ ನುಗ್ಗುವ ಕೆಲಸ, ಆದರೆ ಎರಡು ಷರತ್ತು: ಎದುರಾಳಿಯ ಹಣೆಯನ್ನೋ ಗವಸನ್ನೋ ಕೈಯಿಂದ ಮುಟ್ಟದೆ ಕಾಲಿಗೆ ಇಳಿಯುವಂತಿಲ್ಲ, ಮತ್ತು ಮೂರರಲ್ಲಿ ಒಂದು ಸಲ ಇಳಿದಂತೆ ನಟಿಸಿ ಮೇಲಕ್ಕೆ ಹೊಡೆಯಲೇಬೇಕು. ಇನ್ನೊಬ್ಬರು ಹೊಟ್ಟೆಗೆ ಪ್ಯಾಡ್ ಕಟ್ಟಿಕೊಂಡು, ಹೀಗೆ ಮುಟ್ಟುವ, ನಟಿಸುವ ಸೆಟ್‌ಅಪ್ ಇಲ್ಲದೆ ಬಂದವರಿಗೆ ನಿಧಾನವಾಗಿ ಮೊಣಕಾಲು ಎತ್ತಿ ಎದೆಗೆ ಮುಟ್ಟಿಸಬೇಕು. ಈ ಮುಟ್ಟಿಸುವುದನ್ನು ದಯವಿಟ್ಟು ಬಿಡಬೇಡಿ. ಅದಿಲ್ಲದಿದ್ದರೆ ಎರಡೇ ವಾರದಲ್ಲಿ ತಲೆ ಮತ್ತೆ ಕೆಳಗಿಳಿಯುತ್ತದೆ.

ಮಟ್ಟಿಯಲ್ಲಿ ಬೆಳೆದವರು ಎರಡು ವಿಷಯ ವಿಶೇಷವಾಗಿ ಗಮನಿಸಬೇಕು. ಮೊದಲನೆಯದು ನೆಲ. ಗರಡಿಯ ಕೆಮ್ಮಣ್ಣು ಮೆತ್ತಗಿರುತ್ತದೆ, ಕಾಲ್ಬೆರಳು ಊರಿಕೊಳ್ಳುತ್ತದೆ, ಮೊಣಕಾಲು ಬಿದ್ದರೂ ನೋಯುವುದಿಲ್ಲ. ಕೇಜಿನ ಕ್ಯಾನ್ವಾಸ್ ಬಿಗಿ ಮತ್ತು ಒರಟು. ಮೊಣಕಾಲನ್ನು ಆಳಕ್ಕೆ ಊರಿ ನುಗ್ಗುವವರಿಗೆ ಅಲ್ಲಿ ಚರ್ಮ ಸುಲಿಯುತ್ತದೆ, ನುಗ್ಗು ಅರ್ಧಕ್ಕೇ ನಿಲ್ಲುತ್ತದೆ. ಮೊಣಕಾಲು ನೆಲ ಮುಟ್ಟದೆ ಅಥವಾ ಸವರಿದಂತೆ ಮುಟ್ಟಿ ಎದ್ದು ಓಡುವ ಡಬಲ್ ಲೆಗ್ (ಎರಡೂ ಕಾಲು ಹಿಡಿದು ಕೆಡವುವುದು) ಕಲಿಯಿರಿ. ಎರಡನೆಯದು ಹಿಡಿತ. ನಾಡಕುಸ್ತಿಯಲ್ಲಿ ಲಂಗೋಟಿಯನ್ನೋ ಚಡ್ಡಿಯ ಪಟ್ಟಿಯನ್ನೋ ಹಿಡಿದು ಎತ್ತುವುದು ನ್ಯಾಯವಾದ ಆಟ. ಕೇಜಿನಲ್ಲಿ ಅದು ಫೌಲ್. ಎದುರಾಳಿಯ ಸೊಂಟದ ಹಿಂದೆ ಕೈ ಹೋದ ಕೂಡಲೇ ಬಟ್ಟೆ ಹುಡುಕುವ ಬೆರಳುಗಳನ್ನು ಮರೆಸಿ, ಒಂದು ಅಂಗೈಯನ್ನು ಇನ್ನೊಂದರ ಮೇಲಿಟ್ಟು ಕೊಕ್ಕೆ ಹಾಕುವ ಬಾಡಿಲಾಕ್‌ಗೆ ತರಬೇಕು. ಸುಮಾರು ಒಂದು ತಿಂಗಳು ಬರೀ ಬಟ್ಟೆ ಹಿಡಿಯದ ಕುಸ್ತಿ ಆಡಿಸಿದರೆ ಬೆರಳು ಕಲಿಯುತ್ತದೆ.

ಪಟ್ಟುಗಳಲ್ಲೂ ಆಯ್ಕೆ ಬೇಕು. ಧೋಬಿ ಪಛಾಡ್‌ನಂತೆ ಬೆನ್ನು ತಿರುಗಿಸಿ ಹಾಕುವ ಪಟ್ಟು ಕೈಗೂಡಿದರೆ ಭಾರಿ, ತಪ್ಪಿದರೆ ನಿಮ್ಮ ಬೆನ್ನನ್ನು ನೀವೇ ಎದುರಾಳಿಯ ಕೈಗೆ ಕೊಟ್ಟಂತೆ. ಬೆವರು ಹರಿಯುವ ಎರಡನೇ ಸುತ್ತಿನ ಮೇಲೆ ತೋಳು ಜಾರಿ ತಪ್ಪುವ ಸಂಭವ ಹೆಚ್ಚು. ಅದನ್ನು ಮೊದಲ ಸುತ್ತಿಗೆ, ಬೇಲಿಯಿಂದ ದೂರಕ್ಕೆ ಇಟ್ಟುಕೊಳ್ಳಿ. ಅಡಿಗೆ ಹೋಗಿ ಹೆಗಲ ಮೇಲೆ ಹೊತ್ತು ಎಸೆಯುವ ಕಲಾಜಂಗ್ ಹಾಕುವವರು ಎದುರಾಳಿಯ ತೋಳನ್ನು ಎರಡೂ ಕೈಯಿಂದ ಸೆರೆಹಿಡಿಯದೆ ಅಡಿಗೆ ಹೋಗಬಾರದು. ಬಿಟ್ಟ ತೋಳು ನೇರ ನಿಮ್ಮ ಕುತ್ತಿಗೆಗೆ ಬರುತ್ತದೆ. ಇವುಗಳಿಗಿಂತ ಸಿಂಗಲ್ ಲೆಗ್ (ಒಂದೇ ಕಾಲು ಹಿಡಿದು ಕೆಡವುವುದು), ಬಾಡಿಲಾಕ್, ಒಳಗಾಲಿನ ಕೊಕ್ಕೆ ಮೂರನ್ನು ಒಂದಕ್ಕೊಂದು ಪೋಣಿಸಿ ಕಲಿತವರಿಗೆ ಕೇಜಿನಲ್ಲಿ ಹೆಚ್ಚು ಫಲ.

ಗಿಲಟಿನ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಕುಸ್ತಿಯವರು ಮೊದಲ ಎರಡು ವರ್ಷದಲ್ಲಿ ಸೋಲುವುದು ಹೆಚ್ಚಾಗಿ ಇದಕ್ಕೇ. ಡಬಲ್ ಲೆಗ್‌ನಲ್ಲಿ ತಲೆ ಎದುರಾಳಿಯ ಸೊಂಟದ ಹೊರಗೆ ಇರುತ್ತದೆ. ಅಲ್ಲಿ ತಲೆ ಕೆಳಗೆ ಬಾಗಿದ್ದರೆ ಕುತ್ತಿಗೆ ತಾನಾಗಿ ಕಂಕುಳಿಗೆ ಸೇರುತ್ತದೆ. ಕಿವಿಯನ್ನು ಪಕ್ಕೆಲುಬಿಗೆ ಒತ್ತಿ, ಕಣ್ಣು ಮೇಲೆ ನೋಡುತ್ತಿದ್ದರೆ ಸೇರುವುದು ಕಷ್ಟ. ಆದರೂ ಸಿಕ್ಕಿತು ಎನ್ನಿ. ಮೊದಲು ಬಿಗಿಯುತ್ತಿರುವ ಕೈಯ ಮಣಿಕಟ್ಟನ್ನು ಎರಡೂ ಕೈಯಿಂದ ಕೆಳಗೆಳೆದು ಗಂಟಲಿಗೆ ಜಾಗ ಮಾಡಿಕೊಳ್ಳಿ. ಆಮೇಲೆ ಅವನ ಎರಡು ಕಾಲುಗಳ ನಡುವೆ ನಿಲ್ಲಬೇಡಿ. ಅವನ ಬಲಗೈ ಕುತ್ತಿಗೆ ಬಿಗಿದಿದ್ದರೆ ನೀವು ಅವನ ಎಡ ಮಗ್ಗುಲಿಗೆ ದಾಟಬೇಕು, ನಿಮ್ಮ ಭುಜದ ತೂಕವನ್ನು ಅವನ ಗಂಟಲ ಮೇಲೆ ಇಳಿಸಬೇಕು. ಗಾಬರಿಯಲ್ಲಿ ತಲೆ ಸಿಕ್ಕಿದ ಕಡೆಗೇ ಹೊರಳುವವರು ತಾವೇ ಬಿಗಿ ಹೆಚ್ಚಿಸಿಕೊಳ್ಳುತ್ತಾರೆ. ಇದನ್ನು ಪ್ರತಿ ತರಗತಿಯ ಕೊನೆಗೆ, ಕುತ್ತಿಗೆ ಆಗಲೇ ಸಿಕ್ಕಿದ ಸ್ಥಿತಿಯಿಂದ ಶುರುಮಾಡಿ, ಎರಡೂ ಕಡೆಗೆ ಐದೈದು ಸಲ ಮಾಡಿಸಿ. ಸೋಲೊಪ್ಪಿ ಕೈ ತಟ್ಟಿ ಟ್ಯಾಪ್ ಮಾಡಿದ ಕೂಡಲೇ ಬಿಡುವ ಶಿಸ್ತು ಜೊತೆಗಿರಲಿ. ಗಿಲಟಿನ್ ತಿರುಚಿದಾಗ ಹಾಳಾಗುವುದು ಉಸಿರಲ್ಲ, ಕುತ್ತಿಗೆಯ ಮೂಳೆ.

ಕೆಡವಿದ ಮೇಲಿನ ಮೂರು ಸೆಕೆಂಡು. ಇಷ್ಟು ಹೊತ್ತು ಹೇಳಿದ ಎಲ್ಲದಕ್ಕಿಂತ ಇದು ದೊಡ್ಡದು. ಕುಸ್ತಿಪಟುವಿನ ಮೈ ಟೇಕ್‌ಡೌನ್ ಆದ ಕೂಡಲೇ ಒಂದು ಸಣ್ಣ ನಿಟ್ಟುಸಿರು ಬಿಡುತ್ತದೆ. ಕೆಳಗಿದ್ದವರು ಆ ಹೊತ್ತಿಗೇ ಸೊಂಟ ಸರಿಸಿ ಗಾರ್ಡ್ ಹಾಕಿಕೊಳ್ಳುತ್ತಾರೆ, ಅಥವಾ ಬೇಲಿಗೆ ಬೆನ್ನು ಹಚ್ಚಿಬಿಡುತ್ತಾರೆ. ಆದ್ದರಿಂದ ಟೇಕ್‌ಡೌನ್ ಅಭ್ಯಾಸವನ್ನು ನೆಲ ಮುಟ್ಟಿದಲ್ಲಿಗೆ ನಿಲ್ಲಿಸಬೇಡಿ. ಕೆಡವಿದ ಮೇಲೆ ಕೋಚ್ ಮೂರು ಎಣಿಸಲಿ. ಮೂರು ಮುಗಿಯುವುದರೊಳಗೆ ಮೇಲಿನವರ ಬಳಿ ಮೂರು ಇರಬೇಕು: ಎದುರಾಳಿಯ ಒಂದು ಕಾಲು ಅಥವಾ ಸೊಂಟ ಅದುಮಿರಬೇಕು, ತಮ್ಮ ತಲೆ ಅವನ ಗದ್ದದ ಅಡಿಗೆ ಒತ್ತಿರಬೇಕು, ಒಂದು ಮಣಿಕಟ್ಟು ಕೈಯಲ್ಲಿರಬೇಕು. ಇಲ್ಲದಿದ್ದರೆ ಆ ಟೇಕ್‌ಡೌನ್ ಲೆಕ್ಕಕ್ಕಿಲ್ಲ. ಹತ್ತರ ಮೂರು ವರಸೆ, ಎಡಕ್ಕೂ ಬಲಕ್ಕೂ.

ಆಮೇಲೆ ಸವಾರಿ, ಅಂದರೆ ಕೆಡವಿದವರನ್ನು ಏಳಗೊಡದೆ ಮೇಲೆಯೇ ಇರುವುದು. ರಷ್ಯಾದ ಡಾಗೆಸ್ತಾನದ ಎಂಎಂಎ ಪಟು ಖಬೀಬ್ ನೂರ್ಮಗೊಮೆದೊವ್ 29 ಗೆಲುವು, ಸೋಲಿಲ್ಲದೆ 2020ರ ಅಕ್ಟೋಬರ್‌ನಲ್ಲಿ ನಿವೃತ್ತಿಯಾದರು. ಅವರ ಸವಾರಿಯನ್ನು ಬಿಡಿಬಿಡಿಯಾಗಿ ನೋಡಿದರೆ ಅದರಲ್ಲಿ ಅಪರೂಪದ ಪಟ್ಟು ಕಡಿಮೆ. ಎದುರಾಳಿಯನ್ನು ಬೇಲಿಯ ಬುಡದಲ್ಲಿ ಕೂರಿಸಿ, ಅವನ ಎರಡೂ ಕಾಲನ್ನು ತಮ್ಮ ಕಾಲುಗಳ ನಡುವೆ ಹೆಣೆದುಬಿಡುತ್ತಾರೆ. ಕಾಲು ಕಟ್ಟಿಬಿದ್ದವನಿಗೆ ಏಳಲು ಕೈ ಊರಲೇಬೇಕು. ಊರಿದ ಕೈಯ ಮಣಿಕಟ್ಟನ್ನು ಬೆನ್ನ ಹಿಂದಿನಿಂದ ಹಿಡಿದು ಎಳೆಯುತ್ತಾರೆ. ಈಗ ಅವನ ಬಳಿ ಉಳಿದದ್ದು ಒಂದೇ ಕೈ. ಆ ಕೈಯಿಂದ ಮುಖ ಕಾಯಬೇಕೋ, ನೆಲ ಊರಬೇಕೋ? ಏನು ಮಾಡಿದರೂ ಇನ್ನೊಂದು ಕಳೆದುಕೊಳ್ಳುತ್ತಾನೆ. ಹೊಡೆತ ಇಲ್ಲಿ ಸವಾರಿಯ ಭಾಗ: ಅವನು ಮುಖ ಮುಚ್ಚಿದರೆ ಹಿಡಿತ ಬಿಗಿಯಾಗುತ್ತದೆ, ಕೈ ಊರಿದರೆ ಪೆಟ್ಟು ಬೀಳುತ್ತದೆ. ಕುಸ್ತಿಯವರು ಕಲಿಯಬೇಕಾದ ತಾಳ ಇದು. ಎರಡು ಹೊಡೆತ, ಒಂದು ಹಿಡಿತ, ಮತ್ತೆ ಹೊಡೆತ. ಎದ್ದು ಕೂತು ದೊಡ್ಡ ಗುದ್ದು ಬೀಸುವ ಆಸೆಗೆ ಸೊಂಟವನ್ನು ಎತ್ತಿಬಿಟ್ಟರೆ ಕೆಳಗಿನವರಿಗೆ ಮೊಣಕಾಲು ತೂರಿಸಲು ಜಾಗ ಸಿಗುತ್ತದೆ. ಅವರ ಕಾಲು ನಿಮ್ಮ ಕೈವಶವಿಲ್ಲದಿರುವಾಗ ಎದೆ ಎತ್ತಬೇಡಿ.

ಬೇಲಿಗೆ ಒತ್ತಿ ನಿಂತ ಎದುರಾಳಿಯನ್ನು ಕೆಡವುವಾಗ ಸಾಮಾನ್ಯ ತಪ್ಪು, ನೇರ ಮೇಲಕ್ಕೆತ್ತಲು ಹೋಗುವುದು. ಅವನ ಬೆನ್ನಿಗೆ ಬೇಲಿಯ ಆಸರೆ ಇರುವವರೆಗೆ ನೀವು ಗೋಡೆ ಎತ್ತಿದಂತೆ. ತಲೆಯನ್ನು ಎದೆಯ ಮಧ್ಯಕ್ಕೆ ಒತ್ತಿ, ಕೈಗಳನ್ನು ಕುಂಡೆಯ ಕೆಳಗೆ ಜೋಡಿಸಿ, ಒಂದು ಓರೆ ಹೆಜ್ಜೆ ಹಿಂದಿಟ್ಟು ಸೊಂಟವನ್ನು ಬೇಲಿಯಿಂದ ಈಚೆಗೆ ಎಳೆದುಕೊಳ್ಳಿ, ಆಮೇಲೆ ತಿರುಗಿಸಿ. ತಲೆ ಸೊಂಟದ ಮಟ್ಟಕ್ಕೆ ಇಳಿದರೆ ಪಕ್ಕದಿಂದ ಮೊಣಕೈ ಬೀಳುತ್ತದೆ. ಜಿಮ್‌ನಲ್ಲಿ ಕೇಜ್ ಇಲ್ಲದಿದ್ದರೆ ಗೋಡೆಗೆ ಮ್ಯಾಟ್ ಹಚ್ಚಿಕೊಂಡೂ ಇದನ್ನು ಕಲಿಯಬಹುದು. ಬಲೆಯಂತೆ ಜಗ್ಗುವುದಿಲ್ಲ ಎನ್ನುವುದೊಂದೇ ವ್ಯತ್ಯಾಸ.

ಈಗ ಕೆಳಗೆ ಬಿದ್ದವರ ಪಾಡು. ಕುಸ್ತಿಯವರು ಬಿದ್ದ ಕೂಡಲೇ ಬೋರಲಾಗುತ್ತಾರೆ, ಚಿತ್ ಆಗಬಾರದೆಂಬ ಹಳೆಯ ಭಯ. ಆ ಭಯವನ್ನು ತೆಗೆಯಲು ಬುದ್ಧಿ ಹೇಳಿದರೆ ಸಾಲದು, ಮೈಗೆ ಬೇರೆ ದಾರಿ ತೋರಿಸಬೇಕು. ದಾರಿ ಹೀಗೆ. ಬೆನ್ನಲ್ಲ, ಮಗ್ಗುಲು. ಒಂದು ಮಗ್ಗುಲಿಗೆ ತಿರುಗಿ, ಮೇಲಿನ ಕೈಯನ್ನು ಎದುರಾಳಿಯ ಕಂಕುಳಡಿ ತೂರಿಸಿ ಅಂಡರ್‌ಹುಕ್ ಹಿಡಿಯಿರಿ, ಕೆಳಗಿನ ಮೊಣಕೈ ಊರಿ, ಆಮೇಲೆ ಅಂಗೈ ಊರಿ, ಸೊಂಟವನ್ನು ಹಿಂದಕ್ಕೆ ಬೇಲಿಯವರೆಗೆ ಸರಿಸಿ. ಬೆನ್ನು ಬೇಲಿಗೆ ತಾಗಿದ ಮೇಲೆ ಒಂದೊಂದೇ ಕಾಲು ಮಡಚಿ, ಬೇಲಿಯನ್ನು ಒರಗಿಕೊಂಡು ಮೇಲೆ ಜಾರಿ. ನಿಂತ ಮೇಲೂ ಕೆಲಸ ಮುಗಿದಿಲ್ಲ. ಸೊಂಟ ಸುತ್ತಿದ ಕೈಗಳಲ್ಲಿ ಒಂದರ ಮಣಿಕಟ್ಟನ್ನು ನಿಮ್ಮ ಎರಡೂ ಕೈಯಿಂದ ಹಿಡಿದು ಬಿಡಿಸಿ, ಬಿಡಿಸಿದ ಕಡೆಗೆ ತಿರುಗಿ ಹೊರಬನ್ನಿ. ಹೆಚ್ಚಿನವರು ಎದ್ದು ನಿಂತ ಸಂತೋಷದಲ್ಲಿ ಈ ಕೊನೆಯ ಮೆಟ್ಟಿಲು ಬಿಡುತ್ತಾರೆ, ಮತ್ತೆ ಎತ್ತಿ ಎಸೆಸಿಕೊಳ್ಳುತ್ತಾರೆ.

ಅಭ್ಯಾಸದ ಅಳತೆ: ಸೊಂಟ ಬೇಲಿಯ ಬಳಿ, ಎದುರಾಳಿ ಮೇಲೆ. ಏಳಲು 20 ಸೆಕೆಂಡು, ವಿಶ್ರಾಂತಿ 40 ಸೆಕೆಂಡು, ಆರು ಸಲ. ಆಮೇಲೆ ಪಾತ್ರ ಅದಲುಬದಲು. ಮೇಲಿನವರು ಅಂಗೈಯಿಂದ ಮುಖಕ್ಕೆ ಮೆಲ್ಲಗೆ ತಟ್ಟುತ್ತಲೇ ಇರಬೇಕು. ತಟ್ಟು ಇಲ್ಲದೆ ಕಲಿತ ಏಳುವಿಕೆ ಪಂದ್ಯದಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಪೆಟ್ಟು ಬಿದ್ದ ಕೂಡಲೇ ಕೈ ಮುಖಕ್ಕೆ ಹೋಗುತ್ತದೆ, ಊರಲು ಕೈಯೇ ಉಳಿಯುವುದಿಲ್ಲ.

ಇಲ್ಲಿ ನಿಯಮದ ಒಂದು ಬದಲಾವಣೆ ನೆನಪಿಡಿ. ಅಮೆರಿಕದ ಏಕರೂಪ ನಿಯಮದಲ್ಲಿ ಹಿಂದೆ ಕೈಯನ್ನು ನೆಲಕ್ಕೆ ಊರಿದವರನ್ನು ಬಿದ್ದವರೆಂದು ಎಣಿಸಿ, ತಲೆಗೆ ಮೊಣಕಾಲು ಹಾಕುವುದನ್ನು ತಡೆಯುತ್ತಿದ್ದರು. 2024ರ ನವೆಂಬರ್‌ನಿಂದ ಕೈ ಮತ್ತು ಪಾದ ಮಾತ್ರ ನೆಲದಲ್ಲಿದ್ದರೆ ಆ ರಕ್ಷಣೆ ಇಲ್ಲ. ಒನ್ ಚಾಂಪಿಯನ್‌ಶಿಪ್‌ನಲ್ಲಂತೂ ನೆಲಕ್ಕೆ ಬಿದ್ದವರ ತಲೆಗೂ ಮೊಣಕಾಲು ಹಾಕಬಹುದು. ಅರ್ಧ ಎದ್ದು, ಒಂದು ಕೈ ನೆಲದಲ್ಲಿಟ್ಟು ದಮ್ಮು ತೆಗೆದುಕೊಳ್ಳುವ ಹಳೆಯ ಚಾಳಿ ಇದ್ದವರು ಈಗಲೇ ಬಿಡಿ. ಯಾವ ನಿಯಮದಡಿ ಆಡುತ್ತಿದ್ದೀರಿ ಎಂದು ಪಂದ್ಯ ಒಪ್ಪಿಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಜಿಯು-ಜಿಟ್ಸುವಿನವರಿಗೆ ಬರುತ್ತೇನೆ. 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯಲ್ಲಿ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿ ಲೋಕಕ್ಕೆ ಗಾರ್ಡ್ ಪರಿಚಯಿಸಿದರು. ಆಗ ಎದುರಾಳಿಗಳಿಗೆ ಗಾರ್ಡ್ ಎಂದರೆ ಗೊತ್ತಿರಲಿಲ್ಲ. ಈಗ ಎಲ್ಲರಿಗೂ ಗೊತ್ತು. ಆದ್ದರಿಂದ ಗಾರ್ಡ್ ಈಗ ಗೆಲ್ಲುವ ಜಾಗಕ್ಕಿಂತ ಹೆಚ್ಚಾಗಿ ದಾಟುವ ಜಾಗ. ಇದನ್ನು ಚೆನ್ನಾಗಿ ತೋರಿಸಿದವರು ಬ್ರೆಜಿಲ್‌ನ ಡೆಮಿಯನ್ ಮಾಯಾ. ಅವರು ಸಿಂಗಲ್ ಲೆಗ್‌ಗೆ ಹೋಗುತ್ತಿದ್ದರು. ಕೆಡವಲಾಗದಿದ್ದರೆ ಬೇಕೆಂದೇ ಕೆಳಗೆ ಕೂತು, ಎದುರಾಳಿಯ ಒಂದೇ ಕಾಲಿಗೆ ಕಾಲು ಸುತ್ತುವ ಹಾಫ್ ಗಾರ್ಡ್ ಹಿಡಿದು, ಅಲ್ಲಿಂದ ಅದೇ ಕಾಲನ್ನು ಹಿಡಿದೇ ಮೇಲೆದ್ದು ಕೆಡವುತ್ತಿದ್ದರು, ಬೆನ್ನು ಹತ್ತುತ್ತಿದ್ದರು. 2016ರಲ್ಲಿ ಕಾರ್ಲೋಸ್ ಕಾಂಡಿಟ್‌ರನ್ನು ಎರಡು ನಿಮಿಷ ತುಂಬುವ ಮೊದಲೇ ಬೆನ್ನು ಹತ್ತಿ ಕುತ್ತಿಗೆ ಬಿಗಿದು ಚೋಕ್ ಮಾಡಿದರು. ಮುಂದೆ 2019ರಲ್ಲಿ ಬೆನ್ ಆಸ್ಕ್ರೆನ್‌ರನ್ನೂ ಹಾಗೆಯೇ ಮುಗಿಸಿದರು. ಕೆಳಗಿರುವುದು ಅವರಿಗೆ ಮಲಗುವ ಜಾಗವಾಗಿರಲಿಲ್ಲ, ಒಂದು ಮೆಟ್ಟಿಲಾಗಿತ್ತು.

ಕ್ಲೋಸ್ಡ್ ಗಾರ್ಡ್‌ನಲ್ಲಿ ಇರಲೇಬೇಕಾದಾಗ ಎರಡೇ ದೂರ ಕ್ಷೇಮ. ಎದುರಾಳಿಯ ತಲೆಯನ್ನು ಎದೆಗೆ ಅಪ್ಪಿ ಹಿಡಿಯುವಷ್ಟು ಹತ್ತಿರ, ಅಥವಾ ಪಾದವನ್ನು ಅವನ ಸೊಂಟಕ್ಕೆ ಒತ್ತಿ ನಿಲ್ಲಿಸುವಷ್ಟು ದೂರ. ನಡುವಿನ ಅಂತರದಲ್ಲಿ ಗುದ್ದಿಗೆ ವೇಗ ಬರುತ್ತದೆ. ಇದಕ್ಕೆ 2 ನಿಮಿಷದ ಸುತ್ತು ಇಡಿ: ಮೇಲಿನವರಿಗೆ ಮುಖಕ್ಕೆ ಅಂಗೈ ತಟ್ಟುವ ಕೆಲಸ ಒಂದೇ, ಕೆಳಗಿನವರು ತಟ್ಟುಗಳನ್ನು ಎಣಿಸಿಕೊಳ್ಳಲಿ. ಮೂರಕ್ಕಿಂತ ಕಡಿಮೆಗೆ ಇಳಿಯುವವರೆಗೆ ಸಬ್ಮಿಷನ್ (ಸೋಲೊಪ್ಪಿಸುವ ಪಟ್ಟು) ಹುಡುಕುವುದು ಬೇಡ. ಕಾಲಿನ ಲಾಕ್‌ಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬಿಗಿ: ಹಿಮ್ಮಡಿ ಹಿಡಿದು ಕಾಲು ತಿರುಚುವ ಹೀಲ್ ಹುಕ್ ಹುಡುಕುತ್ತ ಎರಡೂ ಕೈ ಕಾಲಿಗೆ ಕೊಟ್ಟವರ ಮುಖ ಕಾಯಲು ಯಾರೂ ಇಲ್ಲ. ಎದುರಾಳಿಯನ್ನು ಬೀಳಿಸಿ ಮೇಲೇಳಲು ಆ ಹೆಣಿಗೆ ಬಳಸಿ. ಮುಗಿಸುವುದು ಅದರಲ್ಲಿ ನಿಜವಾಗಿ ನುರಿತವರಿಗೆ ಬಿಡಿ.

ಗವಸಿನ ವಿಷಯ ಚಿಕ್ಕದೆನಿಸುತ್ತದೆ, ಆದರೆ ಬೆನ್ನು ಹತ್ತಿದ ಎಷ್ಟೋ ಜನ ಗೆಲುವು ಕಳೆದುಕೊಳ್ಳುವುದು ಅಲ್ಲೇ. ಬರಿಗೈಯಲ್ಲಿ, ಹಿಂದಿನಿಂದ ಕುತ್ತಿಗೆ ಬಿಗಿಯುವ ರಿಯರ್ ನೇಕೆಡ್ ಚೋಕ್ ಹಾಕುವಾಗ ಎರಡನೇ ಕೈ ಎದುರಾಳಿಯ ತಲೆಯ ಹಿಂದೆ ಸಲೀಸಾಗಿ ಜಾರುತ್ತದೆ. ಗವಸಿನ ಗೆಣ್ಣಿನ ಮೆತ್ತೆ ಅಲ್ಲಿ ತಡೆಯುತ್ತದೆ, ಆ ಅರೆಕ್ಷಣದಲ್ಲಿ ಎದುರಾಳಿ ನಿಮ್ಮ ಕೈ ಹಿಡಿದು ಕಿತ್ತುಹಾಕುತ್ತಾನೆ. ಕೈಯನ್ನು ಅವನ ತಲೆಯ ಮೇಲಿಂದ ತರಬೇಡಿ. ನಿಮ್ಮದೇ ಭುಜಕ್ಕೆ ಒರೆಸಿಕೊಂಡಂತೆ ಕೆಳಗಿಂದ ಜಾರಿಸಿ. ಅದೂ ಆಗದಿದ್ದರೆ ಅಂಗೈಗೆ ಅಂಗೈ ಕೂಡಿಸಿ, ಮೊಣಕೈಗಳನ್ನು ಎದೆಗೆ ಎಳೆದುಕೊಂಡು ಮುಗಿಸಿ. ಚೋಕ್ ಅಭ್ಯಾಸದ ಅರ್ಧವನ್ನಾದರೂ ಗವಸು ಹಾಕಿಕೊಂಡೇ ಮಾಡಿ.

ಜೂಡೋದವರಿಗೆ ಹೇಳುವುದು ಕಡಿಮೆ. ಗಿ, ಅಂದರೆ ಜೂಡೋ ಅಂಗಿ ಇಲ್ಲದ ಮೈಯಲ್ಲಿ ಕಾಲರ್ ಬದಲು ಓವರ್‌ಹುಕ್ (ಎದುರಾಳಿಯ ತೋಳನ್ನು ಮೇಲಿಂದ ಸುತ್ತಿ ಹಿಡಿಯುವುದು), ಅಂಗಿಯ ತೋಳಿನ ಬದಲು ಮಣಿಕಟ್ಟು. ತಲೆ ಹಿಡಿದು ಎಸೆಯುವ ಪಟ್ಟುಗಳಲ್ಲಿ ಎಸೆದ ಮೇಲೆ ಹಿಡಿತ ಬಿಡದೆ ಬಿದ್ದವರ ಮೇಲೆಯೇ ಕೂರುವುದನ್ನು ಕಲಿಯಿರಿ. ಬಿಟ್ಟರೆ ಅವರು ಹೊರಳಿ ನಿಮ್ಮ ಬೆನ್ನಿಗೆ ಬರುತ್ತಾರೆ.

ಎಲ್ಲ ಕಲಿತರೂ ಸೋಲುವ ಒಂದು ಕಾರಣ ಉಳಿಯುತ್ತದೆ: ದಮ್ಮು. 1997ರ ಜುಲೈನಲ್ಲಿ ಯುಎಫ್‌ಸಿ 14ರಲ್ಲಿ ಒಲಿಂಪಿಕ್ ಕುಸ್ತಿಪಟು ಮಾರ್ಕ್ ಕೋಲ್ಮನ್ ಸೋತದ್ದು ಮಾರಿಸ್ ಸ್ಮಿತ್ ಎಂಬ ಕಿಕ್‌ಬಾಕ್ಸರ್‌ಗೆ. ಕೋಲ್ಮನ್ ಮೊದಲು ಕೆಡವಿದರು, ಮೇಲೆ ಕೂತು ಹೊಡೆದರು. ಸ್ಮಿತ್ ಕೆಳಗೆ ತಾಳ್ಮೆಯಿಂದ ಕಾದರು. ಕೋಲ್ಮನ್ ಉಸಿರು ಕಟ್ಟಿದ ಮೇಲೆ ಎದ್ದು ನಿಂತು ಕಾಲಿಗೆ ಒದೆದು ಗೆದ್ದರು. ಫ್ರೀಸ್ಟೈಲ್ ಕುಸ್ತಿ ಪಂದ್ಯ 3 ನಿಮಿಷದ ಎರಡು ಅವಧಿ. ಆ ವೇಗವನ್ನೇ 15 ನಿಮಿಷ ಎಳೆಯಲಾಗದು. ಗೋಡೆಗೆ ಒತ್ತಿ ಹಿಡಿಯುವಾಗ ತೋಳಿನಿಂದ ಹಿಂಡದೆ ಕಾಲು ಮತ್ತು ತಲೆಯ ತೂಕದಿಂದ ಒರಗಲು ಕಲಿತರೆ ಮುಂಗೈ ಉಳಿಯುತ್ತದೆ. ದಂಡ, ಬಸ್ಕಿ ಬಿಡಬೇಡಿ, ಅವು ಈ ಆಟಕ್ಕೆ ಹೇಳಿಮಾಡಿಸಿದಂತಿವೆ. ಆದರೆ ಒಂದೇ ಲಯದಲ್ಲಿ ನೂರಾರು ತೆಗೆಯುವುದಕ್ಕಿಂತ 30 ಸೆಕೆಂಡು ಜೋರು, 30 ಸೆಕೆಂಡು ನಿಧಾನ ಎಂದು 5 ನಿಮಿಷದ ಸುತ್ತು ಕಟ್ಟಿಕೊಳ್ಳಿ. ಗದೆ ತಿರುಗಿಸುವುದೂ ಭುಜಕ್ಕೆ, ಹಿಡಿತಕ್ಕೆ ಒಳ್ಳೆಯದು. ಕೆನಡಾದ ಪಂಜಾಬಿ ಕುಸ್ತಿಪಟು ಅರ್ಜನ್ ಭುಲ್ಲರ್ 2021ರಲ್ಲಿ ಒನ್ ಹೆವಿವೇಟ್ ಪ್ರಶಸ್ತಿ ಗೆದ್ದವರು. ಅವರು ಗದೆಯನ್ನೇ ತಮ್ಮ ಗುರುತಾಗಿ ಹಿಡಿದು ಬರುತ್ತಿದ್ದರು.

ವಾರದ ವೇಳಾಪಟ್ಟಿಯಲ್ಲಿ ದೊಡ್ಡ ತಪ್ಪು ಯಾವುದೆಂದರೆ, ಸೋಮವಾರ ಬಾಕ್ಸಿಂಗ್, ಮಂಗಳವಾರ ಕುಸ್ತಿ, ಬುಧವಾರ ಜಿಯು-ಜಿಟ್ಸು ಎಂದು ಬೇರೆ ಬೇರೆ ಡಬ್ಬಿ ತುಂಬುವುದು. ಮೂರನ್ನೂ ಕಲಿತಿರುತ್ತಾರೆ, ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವಲ್ಲಿ ಬಟ್ಟೆಯ ಹೊಲಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗ ನೆನೆಯಿರಿ. ಜೆಟ್ಟಿಗಳು ಆ ಕೈಯಾಯುಧ ಹಿಡಿದು ಎದುರಾಳಿಯ ತಲೆಯಿಂದ ರಕ್ತ ಬರಿಸಲು ಹೆಣಗುತ್ತಾರೆ. ಅಲ್ಲಿ ಹಿಡಿತಕ್ಕೊಂದು ದಿನ, ಹೊಡೆತಕ್ಕೊಂದು ದಿನ ಎಂದು ಪಾಲು ಮಾಡಲು ಬರುವುದೇ ಇಲ್ಲ. ನಮ್ಮ ವಾರವೂ ಹಾಗೇ ಹೆಣೆದಿರಲಿ. ಮೂರು ದಿನ ಗ್ರ್ಯಾಪ್ಲಿಂಗ್ (ಹಿಡಿತದ ಆಟ), ಆದರೆ ಪ್ರತಿ ದಿನ ಕೊನೆಯ 20 ನಿಮಿಷ ಅಂಗೈ ತಟ್ಟಿನ ಸುತ್ತುಗಳು. ಎರಡು ದಿನ ಹೊಡೆತ, ಅದರಲ್ಲೂ ಪ್ಯಾಡ್ ಸುತ್ತಿನ ನಡುವೆ ಕೋಚ್ ಕರೆದಾಗ ಟೇಕ್‌ಡೌನ್ ಅಥವಾ ಸ್ಪ್ರಾಲ್. ಒಂದು ದಿನ ಪೂರ್ತಿ ಎಂಎಂಎ, 7 ಔನ್ಸ್ ಸ್ಪಾರಿಂಗ್ ಗವಸು, ಮೊಳಕಾಲು ಗಾರ್ಡ್, ಬಾಯಿಗೆ ಗಾರ್ಡ್, ಅರ್ಧ ಬಲ. ತಲೆಗೆ ಜೋರಾಗಿ ಹೊಡೆಯುವ ಸ್ಪಾರಿಂಗ್ ವಾರಕ್ಕೆ ಒಂದಕ್ಕಿಂತ ಹೆಚ್ಚು ಬೇಡವೇ ಬೇಡ. ತಲೆ ಸುತ್ತಿದರೆ, ವಾಕರಿಕೆ ಬಂದರೆ ಆ ದಿನ ಮುಗಿಯಿತು, ಮುಂದಿನದನ್ನು ವೈದ್ಯರು ಹೇಳಬೇಕು.

ಚರ್ಮದ ವಿಷಯವನ್ನೂ ಉಸ್ತಾದರ ಕಿವಿಗೆ ಹಾಕಬೇಕು. ಬೆವರಿದ ಮ್ಯಾಟ್‌ನಲ್ಲಿ ಗಜಕರ್ಣ, ಕೀವು ತುಂಬಿದ ಹುಣ್ಣು ಬೇಗ ಹಬ್ಬುತ್ತದೆ. ಪ್ರತಿ ತರಗತಿಯ ನಂತರ ಮ್ಯಾಟ್ ಒರೆಸಿ, ಉಗುರು ಕತ್ತರಿಸಿ, ಕಲೆ ಕಂಡವರನ್ನು ವಾಸಿಯಾಗುವವರೆಗೆ ಮ್ಯಾಟ್‌ನಿಂದ ಹೊರಗಿಡಿ.

ಇನ್ನು ಗರಡಿ ಬಿಡಬೇಕೇ ಎಂದು ಹುಡುಗರು ಕೇಳುತ್ತಾರೆ. ಬೇಡ. ವಾರಕ್ಕೆರಡು ಬೆಳಿಗ್ಗೆ ಮಟ್ಟಿಗೆ ಇಳಿಯಿರಿ. ಅಲ್ಲಿ ಸಿಗುವ ಕುತ್ತಿಗೆ, ಸೊಂಟ, ಎದುರಾಳಿಯ ತೂಕ ಎತ್ತ ವಾಲುತ್ತಿದೆ ಎಂದು ಕೈಯಲ್ಲೇ ತಿಳಿಯುವ ಗುಣ, ಇವು ಬೇರೆಲ್ಲೂ ಅಷ್ಟು ಚೆನ್ನಾಗಿ ಸಿಗುವುದಿಲ್ಲ. ಉಸ್ತಾದರಲ್ಲಿ ಒಂದೇ ವಿನಂತಿ. ಎಂಎಂಎಗೆ ಹೋಗಬೇಕೆಂದಿರುವ ಹುಡುಗರ ಜೋಡಿ ಆಡುವಾಗ, ಒಬ್ಬ ಚಿತ್ ಆದ ಕೂಡಲೇ ಕೈ ಎತ್ತಬೇಡಿ. ಅಲ್ಲಿಂದ ಹತ್ತು ಎಣಿಸಿ. ಮೇಲಿನವನು ಹತ್ತು ಮುಗಿಯುವವರೆಗೆ ಮಣಿಕಟ್ಟು ಹಿಡಿದು ಅದುಮಿಯೇ ಇರಲಿ, ಕೆಳಗಿನವನು ಬೋರಲಾಗದೆ, ಮಗ್ಗುಲಿಗೆ ತಿರುಗಿ, ಕಂಕುಳಡಿ ಕೈ ತೂರಿಸಿ ಎದ್ದು ನಿಲ್ಲಲಿ. ಹತ್ತಾದ ಮೇಲೆ ಬಿಡಿಸಿ.